ರಿಟೈರ್ ಆದ ಮೇಲೆ ಮೊದಲ ಸ್ಪೋರ್ಟ್ಸ್ ಕಾರು, ಅದೂ ಸೆಕೆಂಡ್ ಹ್ಯಾಂಡ್: ಏನೇನು ನೋಡಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮಸ್ಕಾರ. ವಯಸ್ಸು 61, ನಿವೃತ್ತ. ಇಲ್ಲಿಯವರೆಗೆ ಓಡಿಸಿದ್ದೆಲ್ಲ ಸಣ್ಣ ಹ್ಯಾಚ್‌ಬ್ಯಾಕ್. ಈಗ ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆ. ಎರಡು ಗಾಡಿ ನೋಡಿಟ್ಟಿದ್ದೇನೆ: 2016ರ ಆಡಿ ಟಿಟಿ, ದೆಹಲಿ ನಂಬರು, 2012ರ ಬಿಎಂಡಬ್ಲ್ಯೂ ಜೆಡ್4 35ಐ, ಬೆಂಗಳೂರು ನಂಬರು. ಟಿಟಿ ಅಗ್ಗವಾಗಿ ಕಾಣುತ್ತಿದೆ. ಯಾವುದು ವಾಸಿ?

ಉತ್ತರ (ಗ್ಯಾರೇಜ್ ನಡೆಸುವವರು): ಸರ್, ಟಿಟಿ ಅಗ್ಗ ಅಂತ ಈಗಲೇ ಲೆಕ್ಕ ಹಾಕಬೇಡಿ. ಆ ವಿಷಯ ಆರ್‌ಟಿಒ ಕೆಲಸ ಬಲ್ಲವರು ಹೇಳಲಿ, ನಾನು ಯಂತ್ರದ ಮಾತಷ್ಟೇ ಹೇಳ್ತೀನಿ.

ಟಿಟಿಯಲ್ಲಿ ಮೊದಲು ನೋಡಬೇಕಾದ್ದು ಗೇರ್‌ಬಾಕ್ಸ್. ಅದರದ್ದು ಎಣ್ಣೆಯಲ್ಲಿ ಮುಳುಗಿರೋ ಎರಡು ಕ್ಲಚ್ಚಿನ 6 ಸ್ಪೀಡ್ ಆಟೋಮ್ಯಾಟಿಕ್, ಡಿಎಸ್‌ಜಿ. 60,000 ಕಿ.ಮೀ.ಗೆ ಒಮ್ಮೆ ಎಣ್ಣೆ, ಫಿಲ್ಟರ್ ಬದಲಾಗಲೇಬೇಕು. ಬಿಲ್ ಕೇಳಿ. 'ಮಾಡಿಸಿದೀವಿ' ಅನ್ನೋ ಬಾಯಿಮಾತು ಲೆಕ್ಕಕ್ಕಿಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿ ಕೊಡೋ ಹ್ಯಾಲ್ಡೆಕ್ಸ್ ಕಪ್ಲಿಂಗಿಗೂ ಬೇರೆ ಎಣ್ಣೆ ಇದೆ, ಸುಮಾರು ಮೂರು ವರ್ಷಕ್ಕೊಮ್ಮೆ. ಇದನ್ನ ತುಂಬಾ ಜನ ಮರೀತಾರೆ. ಒಳಗಿನ ಜಾಲರಿ ಕಟ್ಟಿಕೊಂಡು ಪಂಪ್ ಸುಡುತ್ತೆ, ಗಾಡಿ ಸದ್ದಿಲ್ಲದೆ ಬರೀ ಮುಂದಿನ ಚಕ್ರದಲ್ಲಿ ಓಡ್ತಿರುತ್ತೆ, ಓನರಿಗೆ ಗೊತ್ತೇ ಆಗಲ್ಲ. ಇಂಜಿನ್ನಿನಲ್ಲಿ ನೀರಿನ ಪಂಪು–ಥರ್ಮೋಸ್ಟಾಟ್ ಹೌಸಿಂಗ್ ಪ್ಲಾಸ್ಟಿಕ್ಕಿನದು, ಕೂಲೆಂಟ್ ಸೋರೋದು ಅಲ್ಲಿಂದ. ಒಣಗಿದ ಗುಲಾಬಿ ಬಣ್ಣದ ಕಲೆ ಹುಡುಕಿ.

ಜೆಡ್4 35ಐನಲ್ಲಿರೋದು ಎನ್54 ಇಂಜಿನ್, ಎರಡು ಟರ್ಬೊ. ಓಡಿಸೋಕೆ ಸೊಗಸು, ಸಾಕೋಕೆ ಕಷ್ಟ. ಸ್ಟಾರ್ಟ್ ಆಗೋಕೆ ತುಂಬಾ ಹೊತ್ತು ತಿರುಗಿದರೆ ಹೈ ಪ್ರೆಶರ್ ಫ್ಯುಯೆಲ್ ಪಂಪ್ ಮೇಲೆ ಅನುಮಾನ ಪಡಿ. ಆಕ್ಸಿಲರೇಟರ್ ಬಿಟ್ಟಾಗ ತಗಡು ಅಲುಗಿದ ಹಾಗೆ ಗಲಗಲ ಅಂದರೆ ಟರ್ಬೊ ಒತ್ತಡ ಹಿಡಿತದಲ್ಲಿಡೋ ವೇಸ್ಟ್‌ಗೇಟ್ ಸವೆದಿದೆ. ನೀರಿನ ಪಂಪ್ ಕರೆಂಟಿನದು, ಹೇಳದೆ ಕೇಳದೆ ನಿಂತುಬಿಡುತ್ತೆ. ಬದಲಿಸಿದ ದಾಖಲೆ ಇಲ್ಲ ಅಂದರೆ ಪಂಪು, ಥರ್ಮೋಸ್ಟಾಟ್ ಎರಡರ ಖರ್ಚನ್ನೂ ಬೆಲೆಯಲ್ಲಿ ಕಳೆದೇ ಮಾತಾಡಿ. ಮಡಚೋ ಚಾವಣಿಯನ್ನ ಮೂರು ಸಲ ತೆಗೆದು ಮುಚ್ಚಿಸಿ. ಒಂದು ಸಲಕ್ಕೆ ಸುಮಾರು 20 ಸೆಕೆಂಡ್ ಸಾಕು. ನಡುವೆ ತಡವರಿಸಿದರೆ ಹೈಡ್ರಾಲಿಕ್ಕಿನಲ್ಲೋ ಸೆನ್ಸರಿನಲ್ಲೋ ತೊಂದರೆ ಇದೆ.

ಎರಡಕ್ಕೂ ಅನ್ವಯಿಸೋ ಮಾತು: 'ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿಟ್ಟು ಹೋಗಿ, ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಇಂಜಿನ್ನಿನ ಕಾಯಿಲೆ ಕಾಣೋದು ತಣ್ಣಗಿರೋವಾಗಲೇ. ಸ್ಕ್ಯಾನ್ ಹಾಕಿಸುವಾಗ ಫಾಲ್ಟ್ ಕೋಡ್ ಇಲ್ಲ ಅಂದ ಮಾತ್ರಕ್ಕೆ ಖುಷಿಪಡಬೇಡಿ, ರೆಡಿನೆಸ್ ಮಾನಿಟರ್ (ಗಾಡಿ ತನ್ನ ಸ್ವಯಂ ಪರೀಕ್ಷೆಗಳನ್ನ ಮುಗಿಸಿದೆಯಾ ಅಂತ ತೋರಿಸೋದು) ನೋಡಿಸಿ. ಅವು 'ಅಪೂರ್ಣ' ಅಂತಿದ್ದರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಪೇಂಟ್ ಮೀಟರಿನಲ್ಲಿ ಕಂಪನಿ ಬಣ್ಣ ಸಾಮಾನ್ಯವಾಗಿ 90–150 ಮೈಕ್ರಾನ್ ತೋರಿಸುತ್ತೆ. ಒಂದೇ ಬಾಗಿಲು 300 ದಾಟಿದರೆ ಅಲ್ಲಿ ಮತ್ತೆ ಪೇಂಟ್ ಹೊಡೆದಿದ್ದಾರೆ, ಪುಟ್ಟಿಯೂ ಇರಬಹುದು. ಟೈರಿನ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2318 ಅಂದರೆ 2018ರ 23ನೇ ವಾರದ್ದು. ನಿಲ್ಲಿಸಿಟ್ಟ ಸ್ಪೋರ್ಟ್ಸ್ ಕಾರಲ್ಲಿ ಟೈರ್ ಸವೆದಿರಲ್ಲ, ಗಟ್ಟಿಯಾಗಿರುತ್ತೆ. ಆರು ವರ್ಷ ದಾಟಿದ್ದರೆ ನಾಲ್ಕೂ ಬದಲಿಸೋ ದುಡ್ಡು ಎತ್ತಿಡಿ.

ಪ್ರಶ್ನೆ: ಧನ್ಯವಾದ. ದೆಹಲಿ ಗಾಡಿಯ ಕಾಗದ ಪತ್ರದ ಕತೆ ಏನು?

ಉತ್ತರ (ಆರ್‌ಟಿಒ, ವಿಮೆ ಕೆಲಸ ಮಾಡುವವರು): ದೆಹಲಿಯಿಂದ ಫಾರಂ 28ರ ಎನ್‌ಒಸಿ ಬರಬೇಕು. ಸಾಲ ಇದ್ದರೆ ತೀರಿದ್ದಕ್ಕೆ ಫಾರಂ 35, ಮಾರಾಟಕ್ಕೆ 29 ಮತ್ತು 30. ಅದೆಲ್ಲ ಆಗುವ ಕೆಲಸ. ಹೊಡೆತ ಬೀಳುವುದು ಬೇರೆ ರಾಜ್ಯದ ಗಾಡಿಗೆ ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸಿನಲ್ಲಿ. ಕರ್ನಾಟಕದಲ್ಲಿ ಅದನ್ನು ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ವಿನಾಯಿತಿ ಕಳೆದು. 20 ಲಕ್ಷ ಮೇಲ್ಪಟ್ಟ ಕಾರಿಗೆ ಮೂಲ ದರ 18%. ಟಿಟಿಗೆ ಇದು ಲಕ್ಷಗಟ್ಟಲೆ ಆಗುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಮೈಸೂರಿನ ಕೆಎ-09 ಆರ್‌ಟಿಒ ಕಚೇರಿಯಲ್ಲಿ ಮೊತ್ತ ಕೇಳಿಕೊಳ್ಳಿ. ಅದನ್ನು ಕೂಡಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಿರಿ. ನನಗಂತೂ ಅನುಮಾನ.

ಜೆಡ್4ಗೆ ಆ ತಾಪತ್ರಯವಿಲ್ಲ, ಆದರೆ ಆರ್‌ಸಿ 15 ವರ್ಷಕ್ಕೆ ಅಂದರೆ 2027ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ತಡವಾದರೆ ನಿಮ್ಮ ಗಾಡಿಗೆ ಆದ ಹಾನಿಯ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಹಳೇ ಓನರ್ ಪಡೆದ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿ ಜೊತೆ ಬರುವುದಿಲ್ಲ. ಆ ವ್ಯತ್ಯಾಸ ನೀವು ಕಟ್ಟಬೇಕು. ದುಡ್ಡೆಲ್ಲ ಬ್ಯಾಂಕಿನ ಮೂಲಕವೇ ಕೊಡಿ, ನಗದು 2 ಲಕ್ಷ ಮುಟ್ಟುವ ಹಾಗಿಲ್ಲ. 10 ಲಕ್ಷ ಮೀರಿದ ಗಾಡಿಗೆ ಡೀಲರು 1% ಟಿಸಿಎಸ್ (ಮಾರುವವರೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿದರೆ ಗಾಬರಿ ಬೇಡ, ರಿಟರ್ನ್ಸ್ ಹಾಕುವಾಗ ಸಿಗುತ್ತದೆ. ಹಾಗೆಯೇ ನಿಮ್ಮ ಡಿಎಲ್ ತಾರೀಖು ನೋಡಿಕೊಳ್ಳಿ. 55 ದಾಟಿದವರಿಗೆ ಐದು ವರ್ಷಕ್ಕಷ್ಟೇ ನವೀಕರಣ, ಫಾರಂ 1ಎ ವೈದ್ಯರ ಸರ್ಟಿಫಿಕೇಟೂ ಬೇಕು. ಡಿಎಲ್ ಮುಗಿದಿದ್ದರೆ ಕ್ಲೇಮ್ ತಿರಸ್ಕರಿಸುತ್ತಾರೆ.

ಪ್ರಶ್ನೆ (ಮಂಡ್ಯದಿಂದ ಇನ್ನೊಬ್ಬರು): ಸರ್, ಮಂಡಿನೋವು ಇರೋರು ಇಂಥ ಗಾಡಿ ತಗೋಬಹುದಾ? ವಾರಕ್ಕೊಂದ್ಸಲ ತೆಗೆದರೆ ಸಾಕಾ?

ಉತ್ತರ (ಗ್ಯಾರೇಜ್ ನಡೆಸುವವರು): ತಗೋಬಹುದು, ಆದರೆ ಟೆಸ್ಟ್ ಡ್ರೈವಿಗಿಂತ ಮುಂಚೆ ಬೇರೆ ಟೆಸ್ಟ್ ಮಾಡಿ. ಪಕ್ಕದಲ್ಲಿ ಇನ್ನೊಂದು ಗಾಡಿ ನಿಲ್ಲಿಸಿ, ಬಾಗಿಲು ಅರ್ಧ ಮಾತ್ರ ತೆಗೆಯೋಕಾಗೋ ಹಾಗೆ. ಆ ಸಂದಿಯಲ್ಲಿ ಐದು ಸಲ ಹತ್ತಿ ಇಳೀರಿ. ಈ ಗಾಡಿಗಳ ಬಾಗಿಲು ಉದ್ದ, ಸೀಟು ತಗ್ಗು. ಮನೆಯವರನ್ನೂ ಕೂರಿಸಿ ಇಳಿಸಿ, ಅವರು ಬೇಡ ಅಂದರೆ ಅಲ್ಲಿಗೆ ಮಾತು ಮುಗೀತು. ನಿಮ್ಮ ಬೀದಿ ಹಂಪನ್ನ, ಗೇಟಿನ ಇಳಿಜಾರನ್ನ ಅದೇ ಗಾಡಿಯಲ್ಲಿ, ಇಬ್ಬರು ಕೂತು ದಾಟಿ ನೋಡಿ. ಓರೆಯಾಗಿ ಹತ್ತಿಸಿದರೂ ತಳ ತಾಗಿದರೆ ದಿನಾ ತಾಗುತ್ತೆ.

ವಾರಕ್ಕೊಂದ್ಸಲ ಸಾಕು, ಆದರೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಕೆಟ್ಟದ್ದು. ಎಣ್ಣೆಗೆ ಸೇರಿದ ನೀರಿನಂಶ, ಪೆಟ್ರೋಲು ಆವಿಯಾಗಬೇಕಾದರೆ ಎಣ್ಣೆ 90 ಡಿಗ್ರಿಯಾದರೂ ಮುಟ್ಟಬೇಕು. ರಿಂಗ್ ರೋಡಿನಲ್ಲೋ ಹೈವೇಲೋ 40 ನಿಮಿಷ ಓಡಿಸಿ. ಎರಡು ವಾರ ನಿಲ್ಲುತ್ತೆ ಅಂದರೆ ಬ್ಯಾಟರಿ ಮೇಂಟೇನರ್ (ನಿಂತ ಗಾಡಿಯ ಚಾರ್ಜ್ ಇಳಿಯದ ಹಾಗೆ ನೋಡಿಕೊಳ್ಳೋ ಚಾರ್ಜರ್) ಹಾಕಿ, ಎಜಿಎಂ ಅನ್ನೋ ಬಗೆಯ ಬ್ಯಾಟರಿಯಾದರೆ ಎಜಿಎಂ ಮೋಡಿನಲ್ಲಿ. ಬಿಎಂಡಬ್ಲ್ಯೂಗೆ ಹೊಸ ಬ್ಯಾಟರಿ ಹಾಕಿದ ಮೇಲೆ ಸ್ಕ್ಯಾನರಿನಲ್ಲಿ ರಿಜಿಸ್ಟರ್ ಮಾಡಿಸಲೇಬೇಕು. ಇಲ್ಲದಿದ್ದರೆ ಹಳೇ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡಿ ಬೇಗ ಹಾಳು ಮಾಡುತ್ತೆ.

ಜೆಡ್4ರಲ್ಲಿ ರನ್‌ಫ್ಲಾಟ್ ಟೈರು, ಸ್ಟೆಪ್ನಿ ಇರಲ್ಲ. ಗಾಳಿ ಹೋದರೆ 80 ಕಿ.ಮೀ. ವೇಗದೊಳಗೆ ಸುಮಾರು 80 ಕಿ.ಮೀ. ಹೋಗಬಹುದು, ಮಂಡ್ಯದಿಂದ ಮೈಸೂರು ಧಾರಾಳವಾಗಿ ಮುಟ್ಟುತ್ತೀರಿ. ಹಿಂದಿನ ಓನರ್ ದುಡ್ಡು ಉಳಿಸೋಕೆ ಸಾದಾ ಟೈರ್ ಹಾಕಿದ್ದರೆ ಆ ಮಾತಿಲ್ಲ, ಟೈರಿನ ಮೇಲೆ ರನ್‌ಫ್ಲಾಟ್ ಗುರುತಾದ 'ಆರ್‌ಎಸ್‌ಸಿ' ಅಂತ ಇದೆಯಾ ನೋಡಿ. ಗಾಡಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ, ಮುಂದಿನ ಚಕ್ರ ಎತ್ತಿಸಿಯೂ ಎಳೆಸಬೇಡಿ. ಪೂರ್ತಿ ಗಾಡಿ ಹೊತ್ತೊಯ್ಯೋ ಲಾರಿಯೇ ಬೇಕು, ಫೋನ್ ಮಾಡಿದಾಗಲೇ 'ಫ್ಲಾಟ್‌ಬೆಡ್ ಕಳಿಸಿ, ಗಾಡಿ ತಗ್ಗು, ರ‍್ಯಾಂಪಿಗೆ ಹಲಗೆ ತನ್ನಿ' ಅಂತ ಹೇಳಿ.