ಅಮೆರಿಕದ ಮನೆಯ ಸಂಕಲ್ಪಕ್ಕೆ ‘ಗೋಕರ್ಣ ಮಂಡಲೇ’ ಅನ್ನಬಹುದೇ?

ಕುಮಟಾ_ವೈದಿಕ:
ಕ್ಯಾಲಿಫೋರ್ನಿಯಾದಲ್ಲಿ ಗೃಹಪ್ರವೇಶ, ಗಣಹೋಮ. ಯಜಮಾನರು ಅಲ್ಲಿ ಕೂರುತ್ತಾರೆ, ಮಂತ್ರ ಇಲ್ಲಿಂದ ವಿಡಿಯೋದಲ್ಲಿ. ಸಂಕಲ್ಪದಲ್ಲಿ ಹೇಳುವ ದೇಶ-ಕಾಲ ಯಾವ ಕಡೆಯದು? ನಮ್ಮ ಕಡೆಯ ಬಗ್ಗೋಣ ಪಂಚಾಂಗದ ತಿಥಿ ಅಲ್ಲಿಗೆ ನಡೆಯುತ್ತದೆಯೇ? ಮನೆಯ ನೆಲ ಮರದ್ದಂತೆ, ಹೋಮಕ್ಕೆ ಏನು ಮಾಡುವುದು? ನೂರಿಪ್ಪತ್ತು ವರ್ಷಕ್ಕೂ ಮೇಲೆ ಅಮೆರಿಕದವರು ವೇದಾಂತ ಕೇಳುತ್ತಿದ್ದಾರೆ, ಒಂದು ಪದ್ಧತಿ ಅಂತ ಆಗಿರಬೇಕಲ್ಲ?

ಘಟಿ_ವಿಘಟಿ:
ಭಟ್ರೇ, ಕರ್ತೃ, ಅಂದರೆ ಯಜಮಾನ, ಎಲ್ಲಿ ಕೂತಿದ್ದಾನೋ ದೇಶ-ಕಾಲ ಅಲ್ಲಿಯದೇ. ‘ಗೋದಾವರ್ಯಾಃ ದಕ್ಷಿಣೇ ತೀರೇ’, ‘ಗೋಕರ್ಣ ಮಂಡಲೇ’ ಎರಡೂ ಬಿಡಿ. ಅಲ್ಲಿನ ಅರ್ಚಕರು ‘ಜಂಬೂದ್ವೀಪೇ ಭರತವರ್ಷೇ’ ಬದಲು ‘ಕ್ರೌಂಚದ್ವೀಪೇ ರಮಣಕವರ್ಷೇ ಐಂದ್ರಖಂಡೇ’ ಅಂತ ಹೇಳಿ ಊರಿನ ಹೆಸರು ಸೇರಿಸುವುದು ರೂಢಿ.

ತಿಥಿ ಮುಗಿಯುವ ಗಳಿಗೆ ಲೋಕಕ್ಕೆಲ್ಲ ಒಂದೇ. ಬೇರೆಯಾಗುವುದು ಗಡಿಯಾರ ಮತ್ತು ಸೂರ್ಯೋದಯ. ಇಲ್ಲಿ ಬುಧವಾರ ಬೆಳಿಗ್ಗೆ 8ಕ್ಕೆ ಮುಗಿಯುವ ತಿಥಿ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಕಳೆದರೆ, ಅಲ್ಲಿ ಮಂಗಳವಾರ ಸಂಜೆ 7.30ಕ್ಕೇ ತೀರಿತು. ಅಂದರೆ ಉದಯತಿಥಿ (ಸೂರ್ಯೋದಯಕ್ಕೆ ಇರುವ ತಿಥಿ) ಒಂದು ದಿನ ಮುಂಚೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಹದಿಮೂರೂವರೆ ಗಂಟೆ ಕಳೆಯಬೇಕು. ತಪ್ಪುವುದು ಪಂಚಾಂಗದ ಘಟಿಯಲ್ಲಿ: ಅದು ಇಲ್ಲಿನ ಸೂರ್ಯೋದಯದಿಂದ ಎಣಿಸಿದ್ದು. ಘಟಿಗೆ 24 ನಿಮಿಷದಂತೆ ಮೊದಲು ಗಡಿಯಾರಕ್ಕೆ ತಂದು, ಆಮೇಲೆ ಕಳೆಯಿರಿ. ಮುಹೂರ್ತದ ಲಗ್ನ (ಆಗ ಉದಯಿಸುವ ರಾಶಿ) ಹೀಗೆ ಕಳೆದರೆ ಬರುವುದಿಲ್ಲ, ಆ ಊರಿನ ಅಕ್ಷಾಂಶ-ರೇಖಾಂಶ ಹಾಕಿ ಹೊಸದಾಗಿಯೇ ತೆಗೆಯಬೇಕು.

ಕಾರವಾರಿ:
ಪದ್ಧತಿಯ ಮಾತಿಗೆ. ಮೊದಲು ಅಮೆರಿಕಕ್ಕೆ ಹೋದದ್ದು ಉಪನ್ಯಾಸ. ವಿವೇಕಾನಂದರು 1893ರಲ್ಲಿ ಶಿಕಾಗೊದಲ್ಲಿ ಮಾತಾಡಿದರು, 1894ರಲ್ಲಿ ನ್ಯೂಯಾರ್ಕಿನ ವೇದಾಂತ ಸೊಸೈಟಿ ಶುರುವಾಯಿತು. ಯೋಗಾನಂದರು 1920ರಲ್ಲಿ ಬೋಸ್ಟನ್‌ಗೆ ಹೋದವರು ಧ್ಯಾನದ ಪಾಠವನ್ನು ಅಂಚೆಯಲ್ಲೂ ತಲುಪಿಸುವ ಏರ್ಪಾಡು ಮಾಡಿದರು. ಆಸನ ಹೋದದ್ದು ನಮ್ಮ ಮೈಸೂರಿನಿಂದ: ಯೋಗಗುರು ಕೃಷ್ಣಮಾಚಾರ್ಯರ ಶಿಷ್ಯೆ ಇಂದ್ರಾದೇವಿ 1947ರಲ್ಲಿ ಅಮೆರಿಕಕ್ಕೆ ಹೋಗಿ ಹಾಲಿವುಡ್‌ನಲ್ಲಿ ಶಾಲೆ ತೆರೆದರು, ಅಯ್ಯಂಗಾರ್, ಪಟ್ಟಾಭಿ ಜೋಯಿಸರದು ನಂತರದ್ದು. ಕೇಳುವವರು, ಕಲಿಯುವವರು ಅಲ್ಲಿಯವರೇ. ಅವರಿಗೆ ಗೋತ್ರ, ತಿಥಿ, ಶ್ರಾದ್ಧ ಯಾವುದೂ ಬೇಕಿರಲಿಲ್ಲ. (ಗೋಕರ್ಣದ ಓಂ ಬೀಚಿಗೆ ಬರುವವರಿಗೂ ಬೇಕಿಲ್ಲ!) 1965ರ ವಲಸೆ ಕಾಯ್ದೆ ಬಂದು ನಮ್ಮವರ ಸಂಸಾರಗಳು ಹೋದಮೇಲೇ ಪುರೋಹಿತರ ಅಗತ್ಯ ಬಿದ್ದದ್ದು. ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿಗೆ ಪ್ರತಿಷ್ಠೆ ಆದದ್ದು 1977ರಲ್ಲಿ. ಹಾಗಾಗಿ ನೀವು ಕೇಳುವ ಪದ್ಧತಿಗೆ ಐವತ್ತರ ಆಸುಪಾಸು ವಯಸ್ಸು, ಅಷ್ಟೇ. ವಾರದ ನಡುವೆ ಬರುವ ಹಬ್ಬ ಶನಿವಾರ-ಭಾನುವಾರಕ್ಕೆ ಸರಿಯುವುದೂ ಆಗಿನಿಂದ ಬಂದದ್ದೇ, ರಜೆ ಸಿಗಬೇಕಲ್ಲ.

ಶಿರಸಿ_ಅಗ್ಗಿಷ್ಟಿಕೆ:
ಹೋಮ ಒಳಗೆ ಬೇಡವೇ ಬೇಡ, ಹಿತ್ತಿಲಲ್ಲಿ ಮಾಡಿಸಿ. ಊರಲ್ಲಿ ಆ ದಿನ ಬೆಂಕಿ ಹಚ್ಚಲು ನಿಷೇಧ ಇದೆಯೋ ಎಂದು ಮೊದಲೇ ವಿಚಾರಿಸಲಿ. ಹಿತ್ತಿಲ ನೆಲವೂ ಹಲಗೆಯದಾದರೆ ಎರಡು ವರಸೆ ಇಟ್ಟಿಗೆ, ಮೇಲೆ ತಾಮ್ರದ ಕುಂಡ, ಕುಂಡದೊಳಗೆ ಎರಡಿಂಚು ಮರಳು. ಒಂದೇ ವರಸೆಯಾದರೆ ಬಿಸಿ ಕೆಳಗಿಳಿದು ಹಲಗೆ ಕಪ್ಪಾಗುತ್ತದೆ. ಹೊಗೆ ಏಳುವುದು ಹಸಿ ಕಟ್ಟಿಗೆಯಿಂದ, ಮತ್ತೆ ಗಣಹೋಮಕ್ಕೆ ಹಾಕುವ ಅಷ್ಟದ್ರವ್ಯದ ದೊಡ್ಡ ಉಂಡೆಯಿಂದ. ಬೆಲ್ಲದ ಪಾಕ ಕೆಂಡಕ್ಕೆ ಕೂತು ಜ್ವಾಲೆ ಮುಚ್ಚಿಬಿಡುತ್ತದೆ. ನೆಲ್ಲಿಕಾಯಿ ಗಾತ್ರ ಮಾಡಿ, ಹಿಂದಿನದು ಹತ್ತಿದ ಮೇಲೆ ಮುಂದಿನದು ಹಾಕಲಿ. ಪಕ್ಕದಲ್ಲಿ ನೀರಿನ ಬಕೆಟ್ ಇರಲಿ. ಬೂದಿ ತಣ್ಣಗೆ ಕಂಡರೂ ಒಳಗೆ ಕೆಂಡ ಮರುದಿನದವರೆಗೂ ಇರುತ್ತದೆ, ಪ್ಲಾಸ್ಟಿಕ್ ಕಸದ ಡಬ್ಬಿಗೆ ಸುರಿಯದಂತೆ ಹೇಳಿ.

ಕುಮಟಾ_ವೈದಿಕ:
ರಾಹುಕಾಲ ಒಂದೂವರೆ ಗಂಟೆಯೇ ತಾನೇ?

ಘಟಿ_ವಿಘಟಿ:
ಅಲ್ಲ. ಅಲ್ಲಿನ ಹಗಲನ್ನು ಎಂಟು ಭಾಗ ಮಾಡಿ. ಹದಿನಾಲ್ಕು ಗಂಟೆ ಹಗಲಿದ್ದರೆ ಒಂದು ಭಾಗಕ್ಕೆ 105 ನಿಮಿಷ.