ಹೊಸ 1440ಪಿ ಮಾನಿಟರ್ ತಂದ ಮೇಲೆ ಆಟ ಮೊದಲಿಗಿಂತ ನಿಧಾನ: ಯಾವುದನ್ನು ಮೊದಲು ಬದಲಿಸಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. 2019ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಕಂಪ್ಯೂಟರ್ ಇದು. ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್‌ನ ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಪೆಟ್ಟಿಗೆ). ಆಗ 8 ಜಿಬಿ ರ‍್ಯಾಮ್ ಇತ್ತು. ಕಳೆದ ವರ್ಷ ಇನ್ನೊಂದು 8 ಜಿಬಿ ಸ್ಟಿಕ್ ಅನ್ನು ನಾನೇ ಹಾಕಿದೆ. ಎರಡರ ಮೇಲೂ 3200 ಎಂದು ಬರೆದಿದೆ.

ಈ ದೀಪಾವಳಿಗೆ 27 ಇಂಚಿನ, 1440ಪಿ (2560×1440 ಪಿಕ್ಸೆಲ್), 165 ಹರ್ಟ್ಸ್ (ಸೆಕೆಂಡಿಗೆ 165 ಚಿತ್ರ) ಮಾನಿಟರ್ ಕೊಂಡೆ. ಹಳೆಯದು 21.5 ಇಂಚಿನ, 1080ಪಿ, 60 ಹರ್ಟ್ಸ್‌ನದು. ಅದರ ಎಚ್‌ಡಿಎಂಐ ಕೇಬಲ್ಲನ್ನೇ ಹೊಸದಕ್ಕೂ ಹಾಕಿದ್ದೇನೆ. ಚಿತ್ರ ದೊಡ್ಡದಾಯಿತೇ ಹೊರತು ಚಲನೆಯಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣುತ್ತಿಲ್ಲ. ಸೈಬರ್‌ಪಂಕ್ 2077 ಮೊದಲಿಗಿಂತ ತಡವರಿಸುತ್ತದೆ. ತಮ್ಮ ಆಡುವ ಕೌಂಟರ್-ಸ್ಟ್ರೈಕ್ 2ರಲ್ಲಿ ಹೊಗೆ ಬಾಂಬ್ ಬಿದ್ದ ಕೂಡಲೇ ತೆರೆ ಕ್ಷಣಕಾಲ ನಿಂತು ಮುಂದೆ ಹೋಗುತ್ತದೆ.

ಈಗ 45,000 ರೂಪಾಯಿ ಇದೆ. ಯುಗಾದಿಯ ಹೊತ್ತಿಗೆ ಇನ್ನೊಂದು 20,000 ಸೇರುತ್ತದೆ. ಎಲ್ಲವನ್ನೂ ಒಮ್ಮೆಗೇ ಬದಲಿಸಲು ಆಗದು. ಯಾವುದು ಮೊದಲು, ಯಾವುದು ನಂತರ?

ಹಳೆಪೆಟ್ಟಿಗೆ:
ದುಡ್ಡನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ. ನಿಮ್ಮ ಬರಹದಲ್ಲೇ ಖರ್ಚಿಲ್ಲದೆ ಸರಿಯಾಗುವ ಎರಡು ತೊಂದರೆಗಳ ವಾಸನೆ ಬರುತ್ತಿದೆ.

ಒಂದು, ಮಾನಿಟರ್ 165 ಹರ್ಟ್ಸ್‌ನದಾದರೂ ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರಬಹುದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಒಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 165ರಲ್ಲಿ ಸುಮಾರು 6. ಮೌಸ್ ಬಾಣವನ್ನು ಗರಗರ ತಿರುಗಿಸಿದರೇ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಹಳೆಯ ಎಚ್‌ಡಿಎಂಐ ಕೇಬಲ್ ತೆಗೆದು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಹೊಸ ಮಾನಿಟರ್‌ನ ಪೆಟ್ಟಿಗೆಯಲ್ಲೇ ಇದ್ದರೂ ಇರಬಹುದು, ಹುಡುಕಿ. 1060ರಂಥ ಕಾರ್ಡಿನಲ್ಲಿ ಫ್ರೀಸಿಂಕ್ (ಕಾರ್ಡಿನ ವೇಗಕ್ಕೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ) ಮಾನಿಟರ್ ಜೊತೆಗಿನ ಹೊಂದಾಣಿಕೆ ಡಿಸ್‌ಪ್ಲೇಪೋರ್ಟ್ ಮೂಲಕ ಮಾತ್ರ ಸಿಗುತ್ತದೆ. ಅದನ್ನು ಎನ್‌ವಿಡಿಯಾ 2019ರ ಜನವರಿಯ ಡ್ರೈವರ್‌ನಲ್ಲಿ ಕೊಟ್ಟಿತು. ಮಾನಿಟರ್‌ನ ಮೆನುವಿನಲ್ಲಿ ಒಮ್ಮೆ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಮ್ಮೆ, ಎರಡೂ ಕಡೆ ಆನ್ ಮಾಡಬೇಕು.

ಎರಡು, ರ‍್ಯಾಮ್. ಕ್ಯಾಬಿನೆಟ್ ತೆರೆದು ಸ್ಟಿಕ್‌ಗಳು ಎಷ್ಟನೆಯ ಸ್ಲಾಟ್‌ಗಳಲ್ಲಿವೆ ಹೇಳಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಎಷ್ಟೆಂದು ತೋರಿಸುತ್ತದೆ ಎಂಬುದನ್ನೂ ಬರೆಯಿರಿ.

ಆಮೇಲೆ ಒಂದು ಅಳತೆ ಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಅಳೆಯುವ ತಂತ್ರಾಂಶ ಹಾಕಿಕೊಂಡು ಎರಡೂ ಆಟಗಳನ್ನು 1440ಪಿಯಲ್ಲಿ ಒಮ್ಮೆ, 720ಪಿಯಲ್ಲಿ ಒಮ್ಮೆ ಆಡಿ. ಕಾರ್ಡಿನ ಬಳಕೆ ಶೇಕಡಾ ಎಷ್ಟು, ಸೆಕೆಂಡಿಗೆ ಫ್ರೇಮ್ (ಚಿತ್ರ) ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಪಿಕ್ಸೆಲ್ ಕಡಿಮೆ ಮಾಡಿದರೂ ಫ್ರೇಮ್ ಏರದಿದ್ದರೆ ತಡೆ ಇರುವುದು ಪ್ರೊಸೆಸರ್ ಅಥವಾ ರ‍್ಯಾಮ್‌ನಲ್ಲಿ. ಕಾರ್ಡಿನ ಬಳಕೆ ಸದಾ 97-99ರಲ್ಲೇ ಇದ್ದರೆ ದಣಿದಿರುವುದು ಕಾರ್ಡು.

ತುಂಗಾತೀರ:
ನೋಡಿದೆ. ಮಾನಿಟರ್ ನಿಜವಾಗಿಯೂ 60ರಲ್ಲಿತ್ತು! ಪೆಟ್ಟಿಗೆಯ ಥರ್ಮಾಕೋಲ್ ಕೆಳಗೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಗೇ ಕೂತಿತ್ತು. ಈಗ 165.

ರ‍್ಯಾಮ್ ಸ್ಟಿಕ್‌ಗಳು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಒಂದು ಮತ್ತು ಎರಡನೆಯ ಸ್ಲಾಟ್‌ನಲ್ಲಿವೆ. ವೇಗ 2400 ಎಂದು ತೋರಿಸುತ್ತಿದೆ.

ಅಳತೆ: ಸೈಬರ್‌ಪಂಕ್ 1440ಪಿ, ಮೀಡಿಯಂ, 26 ಫ್ರೇಮ್, ಕಾರ್ಡ್ 99. 720ಪಿಗೆ ಇಳಿಸಿದರೆ 58. ಕೌಂಟರ್-ಸ್ಟ್ರೈಕ್ 1440ಪಿ, ಲೋ, ಸರಾಸರಿ 98, ಹೊಗೆಯಲ್ಲಿ 44ಕ್ಕೆ ಇಳಿಯುತ್ತದೆ, ಕಾರ್ಡ್ 80ರ ಆಸುಪಾಸು. 720ಪಿಯಲ್ಲೂ ಸರಾಸರಿ 101 ಅಷ್ಟೆ.

ಹಳೆಪೆಟ್ಟಿಗೆ:
ಕಣ್ಣಿಗೆ ಕಟ್ಟಿದಂತೆ ಬರೆದಿದ್ದೀರಿ. ಎರಡು ಆಟ, ಎರಡು ಬೇರೆ ರೋಗ.

ಮೊದಲು ರ‍್ಯಾಮ್. ಅಕ್ಕಪಕ್ಕದ ಒಂದು ಮತ್ತು ಎರಡನೆಯ ಸ್ಲಾಟ್‌ಗಳು ಒಂದೇ ಚಾನೆಲ್‌ಗೆ ಸೇರಿದವು. 16 ಜಿಬಿ ಇದ್ದರೂ ಪ್ರೊಸೆಸರ್‌ಗೆ ಒಂದೇ ಬಾಗಿಲು ತೆರೆದಿದೆ. 2400ರ ವೇಗದಲ್ಲಿ ಒಂದು ಚಾನೆಲ್ ಸೆಕೆಂಡಿಗೆ 19.2 ಜಿಬಿ ಸಾಗಿಸಬಲ್ಲದು. 3200ರಲ್ಲಿ ಎರಡೂ ಚಾನೆಲ್ ತೆರೆದರೆ ಅದೇ 51.2 ಜಿಬಿ. ಒಂದು ರೂಪಾಯಿ ಖರ್ಚಿಲ್ಲದೆ ಎರಡೂವರೆ ಪಟ್ಟಿಗಿಂತ ಹೆಚ್ಚು. 2600ರಂಥ ರೈಜನ್‌ಗಳಲ್ಲಿ ಚಿಪ್ಪಿನ ಒಳಗಿನ ಸಂಪರ್ಕವೂ ರ‍್ಯಾಮ್‌ನ ವೇಗಕ್ಕೇ ಜೋಡಿಕೊಂಡಿರುವುದರಿಂದ ಲಾಭ ಇನ್ನೂ ಹೆಚ್ಚು.

ಸ್ವಿಚ್ ಆರಿಸಿ, ವೈರ್ ಕಿತ್ತು, ಸ್ಟಿಕ್‌ಗಳನ್ನು ಎರಡು ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ. ತುದಿಯ ಕೊಕ್ಕೆ ಟಕ್ ಎಂದು ಕಚ್ಚಿಕೊಳ್ಳುವವರೆಗೆ ಒತ್ತಿ. ನಂತರ ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪುಟ) ಹೋಗಿ, ಸ್ಟಿಕ್ ಮೇಲೆ ಬರೆದಿರುವ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿ. ಈ ಪ್ರೊಸೆಸರ್‌ಗೆ ಎಎಂಡಿ ಹೇಳಿರುವ ಮಿತಿ 2933, ಆದರೆ 3200 ಸಾಮಾನ್ಯವಾಗಿ ನಡೆಯುತ್ತದೆ. ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗತೊಡಗಿದರೆ 2933ಕ್ಕೆ ಇಳಿಸಿ.

ಸೈಬರ್‌ಪಂಕ್‌ನದು ಬೇರೆ ಲೆಕ್ಕ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ. 2016ರ ಕಾರ್ಡಿನ ಮೇಲೆ ನೀವು ಮುಕ್ಕಾಲು ಪಟ್ಟು ಹೆಚ್ಚು ಹೊರೆ ಹೊರಿಸಿದ್ದೀರಿ. ಹಾಗೆಂದು ವಿಂಡೋಸನ್ನೇ 1080ಪಿಗೆ ಇಳಿಸಬೇಡಿ. 27 ಇಂಚಿನ ತೆರೆಯಲ್ಲಿ ಅದು ಸರಿಯಾಗಿ ಕೂರುವುದಿಲ್ಲ, ಕನ್ನಡ ಓದುವಾಗ ಒತ್ತಕ್ಷರಗಳು ಮೆತ್ತಿಕೊಂಡಂತೆ ಕಾಣುತ್ತವೆ. ವಿಂಡೋಸ್ 1440ಪಿಯಲ್ಲೇ ಇರಲಿ, ಆಟದ ಒಳಗೆ ಮಾತ್ರ ಎಫ್‌ಎಸ್‌ಆರ್ ಕ್ವಾಲಿಟಿ ಆಯ್ದುಕೊಳ್ಳಿ. ಅದೇ ಕೆಲಸ ಮಾಡುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ನಿಮ್ಮ ಕಾರ್ಡಿಗೆ ಬಾರದು, ಎಫ್‌ಎಸ್‌ಆರ್ ಬರುತ್ತದೆ. ಆಟ ಒಳಗೊಳಗೆ 1707×960ರಲ್ಲಿ ಚಿತ್ರ ಬಿಡಿಸಿ ಹಿಗ್ಗಿಸುತ್ತದೆ. ಹೊಸ ಕಾರ್ಡ್ ಬರುವವರೆಗೆ ಇದು ಸಾಕು.

ಮೂರನೇ ಅಡ್ಡರಸ್ತೆ:
ನನ್ನ ಅಭಿಪ್ರಾಯ ಬೇರೆ. ತಮ್ಮ ದಿನವೂ ಆಡುವುದು ಕೌಂಟರ್-ಸ್ಟ್ರೈಕ್ ಅಲ್ಲವೇ? ಅಲ್ಲಿ ತಡೆ ಪ್ರೊಸೆಸರ್. ಹಾಗಿದ್ದ ಮೇಲೆ ಮೊದಲು ಅದನ್ನೇ ಬದಲಿಸಿ. ಇನ್ನೂ ಒಂದು ಮಾತು: ಈ ಹಳೆಯ ಬೋರ್ಡಿಗೆ ದುಡ್ಡು ಸುರಿಯುವ ಬದಲು ಎಎಂಡಿಯ ಹೊಸ ಸಾಕೆಟ್ ಆದ ಎಎಂ5ಕ್ಕೆ ಹೋಗಿಬಿಡಿ. ಮುಂದೆ ನಾಲ್ಕೈದು ವರ್ಷ ಚಿಂತೆ ಇರುವುದಿಲ್ಲ.

ಹಳೆಪೆಟ್ಟಿಗೆ:
ಎಎಂ5 ಬೇರೆ ಕಾಲದಲ್ಲಾಗಿದ್ದರೆ ನಾನೂ ಹೇಳುತ್ತಿದ್ದೆ. ಅಲ್ಲಿಗೆ ಹೋಗಲು ಬೋರ್ಡ್, ಪ್ರೊಸೆಸರ್, ಡಿಡಿಆರ್5 ಮೂರೂ ಒಟ್ಟಿಗೆ ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ಪರಿ ನೋಡಿದರೆ, ಕೈಯಲ್ಲಿರುವ 16 ಜಿಬಿ ಡಿಡಿಆರ್4 ಅನ್ನು ಬಿಡುವುದು ಸರಿಯಲ್ಲ. ಬಿ450 ಬೋರ್ಡುಗಳು ಬಯಾಸ್ ಅಪ್‌ಡೇಟ್ ಮಾಡಿದರೆ ರೈಜನ್ 5000 ಸರಣಿಯನ್ನು ಒಪ್ಪಿಕೊಳ್ಳುತ್ತವೆ. 2018ರ ಬೋರ್ಡಿನಲ್ಲಿ 2022ರ ಪ್ರೊಸೆಸರ್ ಕೂರುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಕಾರ್ಡ್ ಮೊದಲೋ ಪ್ರೊಸೆಸರ್ ಮೊದಲೋ ಎಂಬುದಕ್ಕೆ: ಮಾನಿಟರ್ ಆಗಲೇ ಮನೆಗೆ ಬಂದಿದೆ. 26 ಫ್ರೇಮ್‌ನಲ್ಲಿ ಆಟ ಆಡಲಾಗದು, 98ರಲ್ಲಿ ಆಡಬಹುದು. ಆಡಲಾಗದ್ದನ್ನು ಮೊದಲು ಸರಿಪಡಿಸೋಣ. ಹೊಗೆಯಲ್ಲಿ ನಿಲ್ಲುವುದಕ್ಕೆ ರ‍್ಯಾಮ್ ಬದಲಾವಣೆಯಿಂದ ಅರ್ಧ ಪರಿಹಾರ ಸಿಗುತ್ತದೆ ಎಂಬ ನಂಬಿಕೆ ನನಗಿದೆ.

ಯಾವ ಕಾರ್ಡ್? ಇಲ್ಲಿ ನಿಮ್ಮ ಬೋರ್ಡಿನ ಒಂದು ಮಿತಿ ಗಮನಿಸಬೇಕು. ಬಿ450ರಲ್ಲಿ ಕಾರ್ಡಿನ ದಾರಿ ಪಿಸಿಐಇ 3.0. ಆರ್‌ಟಿಎಕ್ಸ್ 4060, 5060, ಆರ್‌ಎಕ್ಸ್ 7600 ಇವೆಲ್ಲ ಎಂಟೇ ಲೇನ್ (ಡೇಟಾ ಸಾಗುವ ಸಾಲು) ಬಳಸುವ ಕಾರ್ಡುಗಳು. ಹೊಸ ಬೋರ್ಡಿನಲ್ಲಿ ತೊಂದರೆಯಿಲ್ಲ. ನಿಮ್ಮಲ್ಲಿ ಎಂಟು ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿಯ ದಾರಿ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ಉಳಿದದ್ದನ್ನು ಮುಖ್ಯ ರ‍್ಯಾಮ್‌ನಿಂದ ತರಬೇಕಾದಾಗ ಆ ಕಿರಿದಾದ ದಾರಿಯೇ ತೆರೆ ತಡವರಿಸಲು ಕಾರಣವಾಗುತ್ತದೆ. ಆರ್‌ಎಕ್ಸ್ 9060 ಎಕ್ಸ್‌ಟಿಗೆ ಹದಿನಾರು ಲೇನ್ ಇದೆ, 16 ಜಿಬಿ ಮೆಮೊರಿಯದೂ ಸಿಗುತ್ತದೆ. ನಿಮ್ಮ ಬೋರ್ಡ್, ನಿಮ್ಮ ಮಾನಿಟರ್ ಎರಡಕ್ಕೂ ಅದೇ ಸರಿ. 8 ಜಿಬಿಯದನ್ನು ತೋರಿಸಿದರೆ ಬೇಡವೆನ್ನಿ.

ಪುತ್ತೂರಿನವ:
ಕಾರ್ಡ್ ಕೊಳ್ಳುವ ಮುಂಚೆ ಎಸ್‌ಎಂಪಿಎಸ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ಮಲೆನಾಡಿನವರು ಅದನ್ನೇ ಮೊದಲು ಕೇಳಬೇಕು. ಅದರ ಬದಿಯ ಚೀಟಿಯಲ್ಲಿ ಪ್ಲಸ್ 12 ವೋಲ್ಟ್ ಎಂಬ ಕಾಲಂ ಕೆಳಗೆ ಎಷ್ಟು ಆಂಪಿಯರ್ ಇದೆ ಓದಿ ಹೇಳಿ. ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆಯೇ ಎಂಬುದನ್ನೂ ತಿಳಿಸಿ.

ತುಂಗಾತೀರ:
ಚೀಟಿಯಲ್ಲಿ 28 ಆಂಪಿಯರ್ ಇದೆ. ಬರಿಗಾಲಿನಲ್ಲಿ ಇದ್ದಾಗ ಜುಮ್ಮೆನ್ನುವುದು ನಿಜ. ಅದು ಎಲ್ಲರ ಮನೆಯಲ್ಲೂ ಇರುತ್ತದೆ ಎಂದುಕೊಂಡಿದ್ದೆ.

ರ‍್ಯಾಮ್ ಸರಿಪಡಿಸಿದೆ. ಕೌಂಟರ್-ಸ್ಟ್ರೈಕ್ ಸರಾಸರಿ 114, ಹೊಗೆಯಲ್ಲಿ 66. ತಮ್ಮ ಬಂದು ನನ್ನ ಕೈ ಕುಲುಕಿದ.

ಪುತ್ತೂರಿನವ:
12ನ್ನು 28ರಿಂದ ಗುಣಿಸಿ: 336 ವ್ಯಾಟ್. ಹೊರಗೆ 450 ಎಂದು ದೊಡ್ಡದಾಗಿ ಬರೆದಿದ್ದರೂ ಪ್ರೊಸೆಸರ್‌ಗೂ ಕಾರ್ಡಿಗೂ ಸಿಗುವುದು ಅಷ್ಟೇ. ಇಷ್ಟು ವರ್ಷ ದುಡಿದ ಕೆಪಾಸಿಟರ್‌ಗಳು ಬೇರೆ. 9060 ಎಕ್ಸ್‌ಟಿ 16 ಜಿಬಿ ಕಾರ್ಡಿನ ಲೆಕ್ಕ 160 ವ್ಯಾಟ್ ಇದ್ದರೂ ಕ್ಷಣಕಾಲದ ಏರಿಕೆಗಳು ಅದಕ್ಕಿಂತ ಮೇಲೆ ಹೋಗುತ್ತವೆ. ಒಳ್ಳೆಯ 550 ಅಥವಾ 650 ವ್ಯಾಟ್‌ನದು ಹಾಕಿ. ಹಳೆಯ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಹೊಸದಕ್ಕೆ ಎಂದಿಗೂ ಸಿಕ್ಕಿಸಬೇಡಿ. ತುದಿ ಒಂದೇ ಥರ ಕಂಡರೂ ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಕ್ರಮ ಬೇರೆ ಇರಬಹುದು, ಭಾಗಗಳು ಸುಟ್ಟುಹೋಗುತ್ತವೆ.

ಜುಮ್ಮೆನ್ನುವುದು ಅರ್ಥಿಂಗ್ ಇಲ್ಲದ್ದರ ಗುರುತು. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ತಗಡಿಗೆ ಸೇರಿರುತ್ತದೆ. ಅರ್ಥ್ ತಂತಿ ಇಲ್ಲದಿದ್ದರೆ ತಗಡು ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಕರೆಂಟ್ ಅತ್ಯಲ್ಪವಾದ್ದರಿಂದ ಬರಿಯ ಜುಮ್ ಅಷ್ಟೇ, ಆದರೆ ಆ ಸ್ಥಿತಿಯಲ್ಲಿ ಮಾನಿಟರ್ ಕೇಬಲ್ ಎಳೆದು ಸಿಕ್ಕಿಸಿದರೆ ಪೋರ್ಟ್ ಹೋಗುವ ಭಯವಿದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಪಡಿಸಿ. ಹೊಸ ಕಾರ್ಡಿಗಿಂತ ಇದು ಮೊದಲು. ಗುಡುಗು ಶುರುವಾದರೆ ಪ್ಲಗ್ ಮಾತ್ರವಲ್ಲ, ಇಂಟರ್ನೆಟ್ ತಂತಿಯನ್ನೂ ಕೀಳಿ. ನಮ್ಮ ಮನೆಯ ಬೋರ್ಡೊಂದು ಸತ್ತದ್ದು ಆ ದಾರಿಯಿಂದಲೇ.

ತುಂಗಾತೀರ:
ಡಿಸೆಂಬರ್‌ನ ವರದಿ. ಅರ್ಥಿಂಗ್ ಗುಂಡಿಗೆ ಹೊಸ ಕೊಳವೆ ಇಳಿಸಿದ್ದಾಯಿತು, ಜುಮ್ಮೆನ್ನುವುದು ನಿಂತಿತು. 650 ವ್ಯಾಟ್ ಎಸ್‌ಎಂಪಿಎಸ್ ಮತ್ತು 9060 ಎಕ್ಸ್‌ಟಿ 16 ಜಿಬಿ ಬಂದವು. 45,000ದ ಮೇಲೆ ಸ್ವಲ್ಪ ಕೈಯಿಂದ ಬಿತ್ತು. ಡ್ರೈವರ್ ಅಳಿಸುವ ಡಿಡಿಯು ತಂತ್ರಾಂಶ ಬಳಸಿ ಹಳೆಯ ಡ್ರೈವರ್ ತೆಗೆದೇ ಹೊಸದನ್ನು ಹಾಕಿದೆ. ಸೈಬರ್‌ಪಂಕ್ 1440ಪಿ ಹೈನಲ್ಲಿ 62 ಫ್ರೇಮ್. ರಾತ್ರಿಯ ಮಳೆಯಲ್ಲಿ ಬೀದಿ ದೀಪಗಳು ಒದ್ದೆ ರಸ್ತೆಯ ಮೇಲೆ ಹರಡುವುದನ್ನು ನೋಡುತ್ತಾ ಆಟವನ್ನೇ ಮರೆತು ನಿಂತೆ. ಕಾರ್ಡಿನ ಬಳಕೆ ಈಗ 85. ಕೌಂಟರ್-ಸ್ಟ್ರೈಕ್ ಮಾತ್ರ 125ರ ಮೇಲೆ ಹೋಗುತ್ತಿಲ್ಲ.

ಹಳೆಪೆಟ್ಟಿಗೆ:
ನಿರೀಕ್ಷಿಸಿದ್ದೇ ಆಯಿತು. ತಡೆ ಈಗ ಪೂರ್ತಿ ಪ್ರೊಸೆಸರ್‌ಗೆ ಬಂದಿದೆ. ಯುಗಾದಿಗೆ ರೈಜನ್ 5 5600 ಸಾಕು. 2600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, ಇದರಲ್ಲಿ 32. 96 ಎಂಬಿಯ 5700ಎಕ್ಸ್3ಡಿ ಸರಿಯಾದ ಬೆಲೆಗೆ, ಬಿಲ್ ಸಮೇತ ಸಿಕ್ಕರೆ ಬಿಡಬೇಡಿ. ಅದರ ಜೊತೆ ಫ್ಯಾನ್ ಬರುವುದಿಲ್ಲ, ಆ ಖರ್ಚು ಸೇರಿಸಿಕೊಳ್ಳಿ.

ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಕೂತಿರುವಾಗಲೇ ಮಾಡಬೇಕು. ಯುಪಿಎಸ್ ಮೇಲೆ ಮಾಡಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಕಲ್ಲಾದೀತು. ವಿಂಡೋಸ್ 11 ಬಳಸುತ್ತಿದ್ದರೆ ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಾದಾಗ ಎಫ್‌ಟಿಪಿಎಂ (ಆ ಬೀಗದ ಕೀ ಕಾಯುವ ಭಾಗ) ರೀಸೆಟ್ ಮಾಡಲೇ ಎಂದು ಕೇಳುತ್ತದೆ. ಕೀ ಇಲ್ಲದೆ ಒಪ್ಪಿದರೆ ಡ್ರೈವ್ ತೆರೆಯದೆ ಹೋಗಬಹುದು.

ಇನ್ನು ಫ್ಯಾನ್ ತೆಗೆಯುವ ಬಗೆ. ಅರ್ಧ ಗಂಟೆ ಆಟ ಆಡಿ, ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಪೇಸ್ಟ್ ಬಿಸಿಯಾಗಲಿ. ಆರಿಸಿದ ಕೂಡಲೇ ನಾಲ್ಕು ಸ್ಕ್ರೂಗಳನ್ನು ಕರ್ಣಕ್ಕೆ ಕರ್ಣ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಮೇಲಕ್ಕೆ ಎಳೆಯಬೇಡಿ, ಎಡಕ್ಕೆ ಬಲಕ್ಕೆ ತಿರುಚಿ. ಒಣಗಿದ ಪೇಸ್ಟ್ ಗೋಂದಿನಂತೆ ಹಿಡಿದು ಪ್ರೊಸೆಸರ್ ಅನ್ನೇ ಸಾಕೆಟ್‌ನಿಂದ ಕಿತ್ತು ತರುತ್ತದೆ. ಅಡಿಯಲ್ಲಿ 1331 ಪಿನ್‌ಗಳಿವೆ.

ತುಂಗಾತೀರ:
ಯುಗಾದಿ ಕಳೆಯಿತು, 5600 ಹಾಕಿದೆ. ತಿರುಚಿದರೂ ಹಳೆಯದು ಹೀಟ್‌ಸಿಂಕ್‌ಗೆ ಅಂಟಿಕೊಂಡೇ ಮೇಲೆ ಬಂತು. ಕಿಟಕಿಯ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಮೂಲೆಯ ಎರಡು ಪಿನ್ ಸಾಲು ಬಿಟ್ಟು ವಾಲಿದ್ದವು. ತಮ್ಮನ 0.5ರ ಕ್ಲಿಕ್ ಪೆನ್ಸಿಲ್‌ನಿಂದ ಸೀಸ ತೆಗೆದು, ಅದರ ತೂತನ್ನು ಪಿನ್ನಿಗೆ ತೊಡಿಸಿ ಕೂದಲೆಳೆಯಷ್ಟು ಬಾಗಿಸಿ ನೇರ ಮಾಡಿದೆ. ಹೊಸದು ಸುಖವಾಗಿ ಕೂತಿತು.

ಆದರೆ ಕೌಂಟರ್-ಸ್ಟ್ರೈಕ್ ಸರಾಸರಿ 168 ಅಷ್ಟೇ. ಇನ್ನೂ ಹೆಚ್ಚು ಬರಬೇಕಿತ್ತಲ್ಲವೇ?

ಹಳೆಪೆಟ್ಟಿಗೆ:
ಬಯಾಸ್ ಅಪ್‌ಡೇಟ್ ಆದಾಗ ಸೆಟ್ಟಿಂಗ್‌ಗಳೆಲ್ಲ ಮೊದಲಿನಂತಾಗುತ್ತವೆ. ರ‍್ಯಾಮ್ ವೇಗ ನೋಡಿ.

ತುಂಗಾತೀರ:
2400! ಎಕ್ಸ್‌ಎಂಪಿ ಆನ್ ಮಾಡಿದೆ, ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್‌ಗೆ ಪೂರ್ತಿ ತೆರೆದಿಡುವ ಸೆಟ್ಟಿಂಗ್) ಕೂಡ. ಈಗ 215, ಹೊಗೆಯಲ್ಲಿ 108. ಸೈಬರ್‌ಪಂಕ್ 77. ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ. ಹಳೆಯ 2600 ಮತ್ತು 1060 ಎರಡನ್ನೂ ಮಾರಿಬಿಡಲೇ?

ಹಳೆಪೆಟ್ಟಿಗೆ:
2600 ಮಾರಿ, ನೇರ ಮಾಡಿದ ಪಿನ್‌ಗಳ ವಿಷಯವನ್ನು ಕೊಳ್ಳುವವರಿಗೆ ಹೇಳಿಯೇ ಮಾರಿ. 1060 ಇರಲಿ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಮುಂದೊಂದು ದಿನ ತೆರೆ ಕಪ್ಪಾದರೆ ಕೆಟ್ಟಿದ್ದು ಕಾರ್ಡೋ ಬೋರ್ಡೋ ಎಂದು ತಿಳಿಯಲು ಅದೊಂದೇ ದಾರಿ. ಕಾರ್ಡಿನ ಚೀಲದಲ್ಲೇ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಎರಡಿಟ್ಟು, ಮಳೆಗಾಲದ ಥಂಡಿ ತಾಗದ ಕಪಾಟಿನ ಮೇಲಿನ ಅರೆಯಲ್ಲಿಡಿ.