ಆರನೇ ತಿಂಗಳ ಚೊಚ್ಚಲ ಬಸುರಿ: ಕರಾವಳಿಯಲ್ಲಿ ಪ್ಯಾಡಲ್‌ಬೋರ್ಡಿಂಗ್ ಎಲ್ಲಿ, ಹೇಗೆ?

ಗಂಗಾವತಿ_ಭತ್ತದನಾಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ್ರೀ. ಡಿಸೆಂಬರ್ ಮಧ್ಯದಲ್ಲಿ ನಾನು, ನನ್ನ ಹೆಂಡತಿ ನಾಲ್ಕು ದಿನ ಕರಾವಳಿಗೆ ಹೋಗಿ ಪ್ಯಾಡಲ್‌ಬೋರ್ಡಿಂಗ್ (ಬೋರ್ಡಿನ ಮೇಲೆ ನಿಂತೋ ಕೂತೋ ಹುಟ್ಟು ಹಾಕುತ್ತ ನೀರಲ್ಲಿ ಸಾಗುವುದು) ಮಾಡಬೇಕು ಅಂತ ಇದ್ದೇವೆ. ಆಗ ಅವಳಿಗೆ 22 ವಾರ ತುಂಬಿರುತ್ತದೆ. ಏಳನೇ ತಿಂಗಳಲ್ಲಿ ಕುಬಸ, ಆಮೇಲೆ ತವರು. ಇಬ್ಬರೇ ಹೋಗಿ ಬರೋದು ಅಂದರೆ ಇದೇ ಹೊತ್ತು. ಸ್ಕ್ಯಾನಿಂಗ್ ಆಗಿದೆ, ಒಂದೇ ಮಗು, ಪ್ಲಾಸೆಂಟಾ (ಮಾಸು) ಮೇಲಿದೆ, ಬಿಪಿ ಸರಿ ಇದೆ, ಹಿಮೋಗ್ಲೋಬಿನ್ 11.2. ಪ್ರಯಾಣ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ.

ಇಬ್ಬರಿಗೂ ಈಜು ಬರುತ್ತದೆ. ನನಗೆ ನಿಂತು ಹುಟ್ಟು ಹಾಕಿ ರೂಢಿ ಇದೆ. ಅವಳು ಕೂತು, ಮಂಡಿಯೂರಿ ಮಾಡಿದ್ದಾಳೆ, ನಿಂತಿದ್ದು ಕಡಿಮೆ. ನಮ್ಮ ಹತ್ತಿರ ಗಾಳಿ ತುಂಬುವ ಬೋರ್ಡ್ ಇದೆ: 10 ಅಡಿ 6 ಇಂಚು ಉದ್ದ, 32 ಇಂಚು ಅಗಲ, 6 ಇಂಚು ದಪ್ಪ. ಗೋಕರ್ಣದ ಸಮುದ್ರ, ಹೊನ್ನಾವರದ ಶರಾವತಿ, ಮೂಲ್ಕಿಯ ಶಾಂಭವಿ, ಈ ಮೂರರಲ್ಲಿ ಯಾವುದು? ಹೋಗೋ ಮುಂಚೆ ಇಲ್ಲೇ ಸಾಣಾಪುರದ ಕೆರೆಯಲ್ಲಿ ಒಂದೆರಡು ಸಲ ಇಳಿದು ನೋಡಬಹುದಾ?

ಅಳಿವೆ_ಗಾಳಿ:

ಸಮುದ್ರ ಬಿಟ್ಟುಬಿಡಿ. ಅಲೆ ಒಂದೇ ಕಾರಣ ಅಲ್ಲ, ದೊಡ್ಡ ಕಾರಣ ಗಾಳಿ. ಚಳಿಗಾಲದಲ್ಲಿ ಬೆಳಗಿನ ಹೊತ್ತು ನಮ್ಮ ಕರಾವಳಿಯಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ. ದಂಡೆಯಲ್ಲಿ ನಿಂತು ನೋಡಿದರೆ ನೀರು ಕನ್ನಡಿ ಹಾಗೆ ಕಾಣುತ್ತದೆ, ಯಾಕೆಂದರೆ ಹಿಂದಿನ ಗುಡ್ಡ, ತೆಂಗಿನ ತೋಟ ಗಾಳಿಯನ್ನು ತಡೆದಿರುತ್ತವೆ. ಸ್ವಲ್ಪ ಒಳಗೆ ಹೋದರೆ ಅದೇ ಗಾಳಿ ಬೆನ್ನಿಗೆ ಬಿದ್ದು ಬೋರ್ಡನ್ನು ಹೊರಗೆ ತಳ್ಳುತ್ತದೆ. ಗಾಳಿ ತುಂಬಿದ ಬೋರ್ಡ್ ನೀರಿನಿಂದ ಮೇಲೆದ್ದು ನಿಲ್ಲುವುದರಿಂದ ಗಟ್ಟಿ ಬೋರ್ಡಿಗಿಂತ ಬೇಗ ತೇಲಿಹೋಗುತ್ತದೆ. ಮಧ್ಯಾಹ್ನ ಗಾಳಿ ತಿರುಗಿ ದಂಡೆ ಕಡೆ ಬರುತ್ತದೆ, ಆದರೆ ಆಗ ನೀರು ಕುದಿಯುತ್ತಿರುತ್ತದೆ.

ಆದ್ದರಿಂದ ಹೊಳೆಯೇ ಸರಿ. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬದಿಯ ನೀರು ಚಂದ, ಕಾಸರಕೋಡು ದಂಡೆಯೂ ಪಕ್ಕದಲ್ಲೇ ಇದೆ. ಆದರೆ ನಿಮ್ಮ ಪರಿಸ್ಥಿತಿಗೆ ನಾನು ಮೂಲ್ಕಿಯನ್ನೇ ಹೇಳುತ್ತೇನೆ. ಅಲ್ಲಿ ಸರ್ಫಿಂಗ್, ಪ್ಯಾಡಲ್ ಕಲಿಸುವವರು ಇದ್ದಾರೆ, ಜೊತೆಗೆ ಬರಲು ತಿಳಿದವರು ಸಿಗುತ್ತಾರೆ. ಮಂಗಳೂರೂ ಉಡುಪಿಯೂ ಸುಮಾರು 30 ಕಿ.ಮೀ. ಶಾಂಭವಿ ಮತ್ತು ನಂದಿನಿ ಸೇರಿ ಸಮುದ್ರಕ್ಕೆ ಬೀಳುವ ಸಸಿಹಿತ್ಲು ಅಳಿವೆಯ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿ ಮರಳ ದಿಬ್ಬದ ಮೇಲೆ ಅಲೆ ಒಡೆಯುತ್ತದೆ, ಇಳಿತದ ನೀರು ಹೊರಗೆ ಎಳೆಯುತ್ತದೆ.

ಹೊತ್ತು ಗೊತ್ತು ಮಾಡುವಾಗ ಗಡಿಯಾರಕ್ಕಿಂತ ಮೊದಲು ಉಬ್ಬರ–ಇಳಿತದ ಪಟ್ಟಿ ನೋಡಿ. ತುಂಬು ಉಬ್ಬರಕ್ಕೆ ಒಂದು ತಾಸು ಮೊದಲು ನೀರಿಗೆ ಇಳಿಯಿರಿ, ಯಾವಾಗಲೂ ಮೊದಲು ಮೇಲ್ಮುಖವಾಗಿ ಹೋಗಿ, ನೀರು ನಿಂತ ಹೊತ್ತಿನಲ್ಲಿ ತಿರುಗಿ ಬನ್ನಿ. ಇಳಿತ ಶುರುವಾದ ಮೊದಲ ತಾಸಿನಲ್ಲಿ ಸೆಳೆತ ಮೆತ್ತಗೆ, ಮೂರನೇ–ನಾಲ್ಕನೇ ತಾಸಿನಲ್ಲಿ ಜೋರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಾಲ್ಕು ದಿನದಲ್ಲಿ ಬೆಳಿಗ್ಗೆ 8–9ಕ್ಕೆ ತುಂಬು ಬರುವ ದಿನ ಯಾವುದು ಅಂತ ನೋಡಿ ರೂಮ್ ಬುಕ್ ಮಾಡಿ. ಗಾಳಿ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ದಾಟಿದರೆ ಇಳಿಯಬೇಡಿ.

ಈಗ ಮುಖ್ಯ ವಿಷಯ, ಹತ್ತುವುದು. ಬೋರ್ಡಿಂದ ಬಿದ್ದವರು ಮತ್ತೆ ಹತ್ತುವುದು ಹೊಟ್ಟೆ ಊರಿ, ಕಾಲು ಒದ್ದು. ಅವರಿಗೆ ಅದು ಆಗಬಾರದು. ತೊಡೆಮಟ್ಟ ನೀರಲ್ಲಿ ನೀವು ಬೋರ್ಡಿನ ಪಕ್ಕ ಅಂಚು ಹಿಡಿದು ನಿಲ್ಲಿ. ಅವರು ನಡುವಿನ ಹಿಡಿಕೆಯ ಪಕ್ಕ ಬೆನ್ನು ಮಾಡಿ, ಕಟ್ಟೆ ಮೇಲೆ ಕೂತ ಹಾಗೆ ಮೊದಲು ಕೂರಲಿ, ಆಮೇಲೆ ಒಂದೊಂದೇ ಕಾಲು ಮೇಲೆ ತೆಗೆದುಕೊಳ್ಳಲಿ. ಹಿಡಿಕೆ ಎರಡು ಮಂಡಿಗಳ ನಡುವೆ ಬರಬೇಕು. ಪ್ಯಾಡಲ್ ಗಿಡ್ಡ ಮಾಡಿ, ಮಂಡಿಯೂರಿದಾಗ ಮೇಲಿನ ಹಿಡಿ ಗದ್ದದ ಹತ್ತಿರ ಸಾಕು. ಮಂಡಿ ಕೆಳಗೆ ಮಡಚಿದ ಟವೆಲ್ ಹಾಕಿ.

ಇಳಿಯುವಾಗ ದಂಡೆಗೆ ನುಗ್ಗಬಾರದು. ಬೋರ್ಡಿನ ಅಡಿಯ ರೆಕ್ಕೆ ಸುಮಾರು 9 ಇಂಚು ಇರುತ್ತದೆ. ಅದು ಮರಳಿಗೆ ತಾಗಿದ ಕ್ಷಣ ಬೋರ್ಡ್ ನಿಲ್ಲುತ್ತದೆ, ಮೇಲಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಪ್ಯಾಡಲ್‌ಬೋರ್ಡಿನ ಪೆಟ್ಟು ಆಳದಲ್ಲಷ್ಟೇ ಅಲ್ಲ, ಮೊಣಕಾಲಷ್ಟು ನೀರಲ್ಲೂ ಆಗುತ್ತದೆ.

ಸಿಂಧನೂರು_ಸಿಸ್ಟರ್:

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ನಿಲ್ಲುವುದು ಬೇಡವೇ ಬೇಡ, ರೂಢಿ ಇದ್ದರೂ ಬೇಡ ತಮ್ಮಾ. ಆರನೇ ತಿಂಗಳಿಗೆ ದೇಹದ ತೂಕ ಮುಂದಕ್ಕೆ ಸರಿದಿರುತ್ತದೆ, ಹಾರ್ಮೋನಿನಿಂದ ಸೊಂಟದ, ಮಂಡಿಯ ಗಂಟುಗಳು ಸಡಿಲ ಆಗಿರುತ್ತವೆ. ಮೊದಲಿನ ಸಮತೋಲನವನ್ನು ನಂಬುವ ಹಾಗಿಲ್ಲ. ನೀರಿಗೆ ಬಿದ್ದದ್ದಕ್ಕಿಂತ ಬೋರ್ಡಿನ ಅಂಚು ಹೊಟ್ಟೆಗೆ ಬಡಿಯುವುದು ಅಪಾಯ.

ಹೊಟ್ಟೆಗೆ ಪೆಟ್ಟು ಬಿದ್ದರೆ ನೋವಿಲ್ಲ ಅಂತ ರೂಮಿಗೆ ಹೋಗಿ ಮಲಗಬೇಡಿ. ಪ್ಲಾಸೆಂಟಾ ಒಳಗೊಳಗೇ ಬಿಟ್ಟುಕೊಳ್ಳಬಹುದು, ಹೊರಗೆ ರಕ್ತ ಕಾಣದೆಯೂ ಇರಬಹುದು. ನೇರ ಆಸ್ಪತ್ರೆಗೆ ಹೋಗಿ ಕೆಲವು ತಾಸು ನಿಗಾದಲ್ಲಿ ಇರಬೇಕು. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದರೆ 72 ತಾಸಿನೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಇದಕ್ಕೇ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿ ಇರಲಿ, ಫೋಟೋ ಮೊಬೈಲಿನಲ್ಲಿರಲಿ. ಮಂಗಳೂರಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆ ಲೇಡಿ ಗೋಷನ್. ಹೊನ್ನಾವರದಿಂದಾದರೆ ಕಾರವಾರದ ಮೆಡಿಕಲ್ ಕಾಲೇಜಿಗೆ ಹತ್ತಿರ ಎರಡು ತಾಸು, ಮಣಿಪಾಲಕ್ಕೆ ಅದಕ್ಕಿಂತ ಜಾಸ್ತಿ. ನನಗೂ ಮೂಲ್ಕಿಯೇ ಸರಿ ಅನಿಸುವುದು ಇದಕ್ಕೆ.

ಲೈಫ್ ಜಾಕೆಟ್ ಫೋಮಿನದು, ಪಕ್ಕದಲ್ಲಿ ಪಟ್ಟಿ ಎಳೆಯುವಂಥದು ತಗೊಳ್ಳಿ. ಎದೆಯ ಪಟ್ಟಿ ಬಿಗಿ, ಹೊಟ್ಟೆ ಮೇಲಿನ ಪಟ್ಟಿ ಸಡಿಲ. ಹೆಗಲ ಹತ್ತಿರ ಹಿಡಿದು ಮೇಲೆತ್ತಿ ನೋಡಿ, ಕಿವಿವರೆಗೆ ಏರಿದರೆ ಅದು ದೊಡ್ಡದು. ಸೊಂಟಕ್ಕೆ ಕಟ್ಟಿ ಎಳೆದರೆ ಉಬ್ಬುವ ಬೆಲ್ಟು ಬೇಡ.

30–40 ನಿಮಿಷ ಸಾಕು. ಕರಾವಳಿಯ ಸೆಕೆಯಲ್ಲಿ ನಮ್ಮ ರಾಯಚೂರು ಬಿಸಿಲಿನ ಹಾಗೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನೀರು ಕಡಿಮೆಯಾದರೆ ಹೊಟ್ಟೆ ಗಟ್ಟಿಯಾಗಿ ಹಿಡಿದಂತೆ ಆಗುತ್ತದೆ. ಇಳಿಯುವ ಮುಂಚೆ ಅರ್ಧ ಲೀಟರ್ ಕುಡಿದು, ಬೋರ್ಡಿನ ಮೇಲೂ ಒಂದು ಬಾಟಲಿ ಇಟ್ಟುಕೊಳ್ಳಲಿ. ಟೋಪಿ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ಬೇಕು, ಬಸುರಿಯಲ್ಲಿ ಬಂಗು ಬೇಗ ಏಳುತ್ತದೆ. ಮಂಗಳೂರು ಕಡೆ ಮಲೇರಿಯಾ ಇದೆ, ಬಸುರಿಯರಿಗೆ ಅದು ಜೋರಾಗಿ ಕಾಡುತ್ತದೆ. ಸೊಳ್ಳೆ ಪರದೆ ಇರುವ ರೂಮ್ ಕೇಳಿ.

ರಕ್ತ, ನೀರು ಸೋರುವುದು, ಬಿಟ್ಟು ಬಿಟ್ಟು ಹೊಟ್ಟೆ ಹಿಂಡುವುದು, ಕಣ್ಣು ಮಂಜಾಗಿ ತಲೆನೋವು, ಯಾವುದಾದರೂ ಒಂದು ಬಂದರೆ 108ಕ್ಕೆ ಫೋನ್ ಮಾಡಿ.

ಕೊಪ್ಪಳ_ಸ್ಟೇರಿಂಗ್:

ದಾರಿ ಬಗ್ಗೆ ಅಷ್ಟೇ ಹೇಳ್ತೀನಿ ಅಣ್ಣಾ. ಮೂಲ್ಕಿ ಆದರೆ ಒಂದೇ ದಿನಕ್ಕೆ ಎಳೀಬ್ಯಾಡ್ರಿ. ಹೊಸಪೇಟೆ, ಹರಿಹರ ಮೇಲೆ ಶಿವಮೊಗ್ಗಕ್ಕೆ ಹೋಗಿ ರಾತ್ರಿ ಉಳಕೊಳ್ರಿ. ಮರುದಿನ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ. ಆಗುಂಬೆ ಘಾಟಿಯಲ್ಲಿ 14 ತಿರುವು, ಹೊಟ್ಟೆ ತುಂಬ ಉಂಡು ಗಾಡಿ ಹತ್ತಿಸಬ್ಯಾಡ್ರಿ, ಮುಂದಿನ ಸೀಟಲ್ಲೇ ಕೂರಿಸ್ರಿ. ಒಂದೂವರೆ ತಾಸಿಗೊಮ್ಮೆ ಇಳಿಸಿ ಐದು ನಿಮಿಷ ನಡೆಸ್ರಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು. ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆ ಕೆಳಗೆ, ಸೊಂಟದ ಎಲುಬಿನ ಮೇಲೆ ಬರಲಿ, ಮೇಲಿನ ಪಟ್ಟಿ ಎದೆ ನಡುವೆ.

ಹೊನ್ನಾವರವೇ ಅಂದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಾಟಿ, ಅಂಕೋಲಾ. ಯಲ್ಲಾಪುರದಲ್ಲೇ ಬಾತ್‌ರೂಮ್ ಮುಗಿಸಿ ಮುಂದೆ ಹೋಗ್ರಿ.

ಗಂಗಾವತಿ_ಭತ್ತದನಾಡು:

ಬಹಳ ಉಪಕಾರ ಆಯ್ತು. ಮೂಲ್ಕಿಯೇ ಅಂತ ಆಯಿತು. ಬೋರ್ಡಿನಿಂದ ಕಾಲಿಗೆ ಕಟ್ಟುವ ಹಗ್ಗ, ಲೀಶ್, ಅದನ್ನು ಏನು ಮಾಡಲಿ? ಸಾಣಾಪುರದ ವಿಷಯ ಯಾರೂ ಹೇಳಲಿಲ್ಲ.

ಅಳಿವೆ_ಗಾಳಿ:

ಸಾಣಾಪುರ, ತುಂಗಭದ್ರಾ ಎರಡೂ ಬೇಡ. ಹೊಳೆಯಲ್ಲಿ ಮೊಸಳೆ ಇವೆ, ಬಂಡೆಗಳ ನಡುವಿನ ಸೆಳೆತ ಮೇಲಿಂದ ಕಾಣುವುದಿಲ್ಲ. ಹರಿಗೋಲಿನಲ್ಲಿ ಕೂತವರಿಗೆ ಸುತ್ತ ಅಂಚು ಇರುತ್ತದೆ, ಬೋರ್ಡಿಗೆ ಅದಿಲ್ಲ. ಅಭ್ಯಾಸ ಮನೆಯಲ್ಲೇ ಆಗುತ್ತದೆ: ಬೋರ್ಡಿನ ರೆಕ್ಕೆ ತೆಗೆದು ಹಾಸಿಗೆ ಮೇಲೆ ಇಟ್ಟು, ಕೂರುವುದು, ಕಾಲು ತೆಗೆದುಕೊಳ್ಳುವುದು, ಮಂಡಿಯೂರುವುದು, ಹಾಗೇ ಇಳಿಯುವುದು.

ಲೀಶ್ ಬಗ್ಗೆ: ಹರಿಯುವ ನೀರಲ್ಲಿ ಪಾದಕ್ಕೆ ಕಟ್ಟಿದ ಲೀಶ್ ಬಲೆಗೋ, ಲಂಗರಿನ ಹಗ್ಗಕ್ಕೋ, ಕಾಂಡ್ಲಾ ಬೇರಿಗೋ ಸಿಕ್ಕಿದರೆ ಬಗ್ಗಿ ಬಿಚ್ಚಲು ಆಗುವುದಿಲ್ಲ. ನಿಮಗೆ ಸೊಂಟದ, ಎಳೆದರೆ ಬಿಚ್ಚುವ ಬೆಲ್ಟು. ಅವರಿಗೆ ಹೊಟ್ಟೆ ಸುತ್ತ ಏನೂ ಬೇಡ. ನಿಂತ ನೀರಲ್ಲಿ ಮಾತ್ರ, ಮೊಣಕಾಲಿನ ಕೆಳಗೆ ಸುರುಳಿ ಲೀಶ್. ಜೊತೆಗೆ ಒಂದು ದೋಣಿ ಬಾಡಿಗೆಗೆ ಮಾಡಿ. ಅವರು ಬಿದ್ದರೆ ಹತ್ತಲು ಹೋಗದೆ ಹಿಡಿಕೆ ಹಿಡಿದು ತೇಲಿಕೊಂಡಿರಲಿ, ನೀವು ಬೋರ್ಡನ್ನು ತೊಡೆಮಟ್ಟದ ನೀರಿಗೆ ಎಳೆದು ತನ್ನಿ.

ಬೋರ್ಡಿಗೆ 12ರಿಂದ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಬೋರ್ಡಿನ ಮೇಲೆ ಬರೆದಿರುವ ಮಿತಿ ಮೀರದ ಹಾಗೆ. ಪಂಪಿನ ಮುಳ್ಳು 5 ದಾಟುವವರೆಗೆ ಅಲ್ಲಾಡುವುದೇ ಇಲ್ಲ, ಪಂಪ್ ಕೆಟ್ಟಿದೆ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಗಾಳಿ ಕಡಿಮೆ ಇದ್ದರೆ ನಡುವೆ ಬಗ್ಗಿ ಮಂಡಿಯ ಕೆಳಗೆ ಅಲುಗಾಡುತ್ತದೆ. ತುಂಬಿದ ಬೋರ್ಡನ್ನು ಮರಳಿನ ಮೇಲೆ ಬಿಸಿಲಿಗೆ ಬಿಡಬಾರದು, ಒಳಗಿನ ಗಾಳಿ ಕಾದು ಅಂಟು ಬಿಡುತ್ತದೆ. ತಿಂಡಿಗೆ ಹೋಗುವಾಗ ನೆರಳಿಗೆ ಎಳೆದು, 2–3 ಪಿಎಸ್‌ಐ ಬಿಟ್ಟು ಹೋಗಿ.